ಕ್ಯೂಬಾದ ಶ್ವಾಸಕೋಶ ಕ್ಯಾನ್ಸರ್ ಲಸಿಕೆ ಹೇಗೆ ಕೆಲಸ ಮಾಡುತ್ತದೆ?

ಹವಾನಾದಲ್ಲಿ 1994ರಲ್ಲಿ ಆರಂಭವಾದ ಆಣ್ವಿಕ ರೋಗನಿರೋಧಶಾಸ್ತ್ರ ಕೇಂದ್ರದ ‘ಸಿಮಾವ್ಯಾಕ್ಸ್’ ಲಸಿಕೆಯು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ಆ ಕೋಶಕ್ಕೆ ಬೆಳೆಯುವಂತೆ ಸೂಚಿಸುವ ಪ್ರೋಟೀನನ್ನು ರಕ್ತದಲ್ಲಿ ಕಡಿಮೆ ಮಾಡುತ್ತದೆ. ಇಜಿಎಫ್ ಎಂಬ ಈ ಪ್ರೋಟೀನು ದೇಹದಲ್ಲಿ ಸಹಜವಾಗಿಯೇ ಇದ್ದು, ಕೋಶದ ಮೇಲ್ಮೈಯಲ್ಲಿರುವ ಗ್ರಾಹಕಕ್ಕೆ, ಅಂದರೆ ಸೂಚನೆಯನ್ನು ಸ್ವೀಕರಿಸುವ ಭಾಗಕ್ಕೆ, ಅಂಟಿಕೊಂಡಾಗ ಕೋಶವಿಭಜನೆಗೆ ಚಾಲನೆ ಸಿಗುತ್ತದೆ. ಶ್ವಾಸಕೋಶದ ಅನೇಕ ಗೆಡ್ಡೆಗಳು ಇದನ್ನೇ ನೆಚ್ಚಿಕೊಂಡಿರುತ್ತವೆ. ತನ್ನದೇ ಪ್ರೋಟೀನಿನ ವಿರುದ್ಧ ದೇಹವು ಸಾಮಾನ್ಯವಾಗಿ ಹೋರಾಡುವುದಿಲ್ಲವಾದ್ದರಿಂದ, ಲಸಿಕೆಯಲ್ಲಿ ಇಜಿಎಫ್ ಅನ್ನು ಒಂದು ಬ್ಯಾಕ್ಟೀರಿಯಾದ ಪ್ರೋಟೀನಿಗೆ ಜೋಡಿಸಿರುತ್ತಾರೆ. ಈ ಅಪರಿಚಿತ ಜೋಡಿಯನ್ನು ಕಂಡು ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆಯು ಪ್ರತಿಕಾಯಗಳನ್ನು, ಅಂದರೆ ಶತ್ರುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಇಜಿಎಫ್ ಗ್ರಾಹಕವನ್ನು ತಲುಪುವ ಮೊದಲೇ ಅವು ಅದನ್ನು ಹಿಡಿದುಬಿಡುತ್ತವೆ. ‘ಲಸಿಕೆ’ ಎಂಬ ಹೆಸರು ಇಲ್ಲಿ ತುಸು ದಾರಿ ತಪ್ಪಿಸುವಂಥದ್ದು: ಇದನ್ನು ಕೊಡುವುದು ಆರೋಗ್ಯವಂತರಿಗಲ್ಲ, ಮುಖ್ಯವಾಗಿ ಕ್ಯಾನ್ಸರ್ ಈಗಾಗಲೇ ಮುಂದುವರಿದಿರುವ ರೋಗಿಗಳಿಗೆ.