ವರ್ಷಪೂರ್ತಿ ಓಡುವ ಎಟಿವಿಗೆ ಹಿಮಕ್ಕೂ ಆಗುವಂಥ ಟೈರ್ ಯಾವುದು?

ನಿಮ್ಮ ಎಟಿವಿ (ದಪ್ಪ ಟೈರಿನ, ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಕಾಡುದಾರಿ ಗಾಡಿ) ಬಗ್ಗೆ ನೀವು ಕೇಳಿರುವುದು ಇಷ್ಟು: ಬೇಸಿಗೆಯಲ್ಲಿ ಕಲ್ಲು, ಬೇರು ತುಂಬಿದ ಕಾಡುದಾರಿ, ಮಳೆ ಬಂದರೆ ಕೆಸರು. ಚಳಿಗಾಲದಲ್ಲಿ ಹಿಮದ ಮೇಲೆ ಸವಾರಿ, ಜೊತೆಗೆ ಮುಂದೆ ಬ್ಲೇಡ್ ಕಟ್ಟಿಕೊಂಡು ದಾರಿಯ ಹಿಮ ತಳ್ಳುವ ಕೆಲಸ. ಇದಕ್ಕೆಲ್ಲ ಒಂದೇ ಸೆಟ್ ಟೈರ್ ಸಾಕಾ? ದೊಡ್ಡ ಹಲ್ಲಿನ ಮಡ್ ಟೈರ್ ಹಾಕಿಸಿದರೆ ಸರಿಯಾ?

ಒಂದೇ ಸೆಟ್ ಸಾಕು. ಮಡ್ ಟೈರ್ ಮಾತ್ರ ಬೇಡ.

ನಾನು ಮೊದಲ ಚಳಿಗಾಲಕ್ಕೆ ಮಡ್ ಟೈರನ್ನೇ ಹಾಕಿಸಿದ್ದೆ. ಹಲ್ಲು ಉದ್ದ ಇದ್ದಷ್ಟೂ ಹಿಡಿತ ಜಾಸ್ತಿ ಅಂದುಕೊಂಡಿದ್ದೆ. ಗೇಣುದ್ದದ ಹಿಮದಲ್ಲಿ ಅದು ನಿಜವೂ ಆಯಿತು. ಹಲ್ಲು ಹಿಮವನ್ನು ಸೀಳಿ ಕೆಳಗಿನ ನೆಲವನ್ನು ಕಚ್ಚುತ್ತಿತ್ತು, ಗಾಡಿ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಒಂದು ದಿನ ಗಾಳಿಗೆ ಹಿಮ ಬಂದು ತುಂಬಿಕೊಂಡಿದ್ದ ತಗ್ಗಿಗೆ ಇಳಿಸಿದೆ. ಆಕ್ಸಲರೇಟರ್ ಒತ್ತಿದ ಕೂಡಲೇ ನಾಲ್ಕೂ ಚಕ್ರ ತಮ್ಮ ಕೆಳಗೆ ಗುಂಡಿ ತೋಡಿಕೊಂಡವು. ನೆಲ ಸಿಗುವ ಮೊದಲೇ ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತುಬಿಟ್ಟಿತು. ಸಲಿಕೆಯಲ್ಲಿ ಬಗೆದು ಹೊರಗೆ ತರುವಷ್ಟರಲ್ಲಿ ಕತ್ತಲಾಗಿತ್ತು.

ಮಡ್ ಟೈರ್ ಇರುವುದೇ ತೋಡುವುದಕ್ಕೆ. ಚಕ್ರ ತಿರುಗಿದಾಗ ಕೆಸರು ಸಿಡಿದು ಹೋಗಲಿ ಅಂತ ಅದರ ಹಲ್ಲುಗಳ ನಡುವೆ ಅಗಲವಾಗಿ ಜಾಗ ಬಿಟ್ಟಿರುತ್ತಾರೆ. ಹಿಮದ ಗುಣ ಬೇರೆ. ಹಿಮ ಹಿಮಕ್ಕೆ ಅಂಟುತ್ತದೆ, ಕೈಯಲ್ಲಿ ಉಂಡೆ ಕಟ್ಟಿ ನೋಡಿದವರಿಗೆ ಇದು ಗೊತ್ತು. ಹಲ್ಲಿನ ಸಂದಿಯಲ್ಲಿ ಒತ್ತಿ ಕೂತ ಹಿಮ ಕೆಳಗಿನ ಹಿಮವನ್ನು ಹಿಡಿದುಕೊಳ್ಳುತ್ತದೆ. ಕಾರಿನ ಚಳಿಗಾಲದ ಟೈರ್ ಮೇಲೆ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು ಇರುತ್ತವೆ ಅಲ್ವಾ, ಅವೂ ಇದೇ ಕೆಲಸ ಮಾಡುತ್ತವೆ. ಪ್ರತಿ ಸೀಳಿಗೂ ಒಂದು ಅಂಚು, ಪ್ರತಿ ಅಂಚಿಗೂ ಒಂದಿಷ್ಟು ಹಿಡಿತ.

ಹಾಗಾಗಿ ನೀವು ಹುಡುಕಬೇಕಾದದ್ದು ಆಲ್ ಟೆರೇನ್ ಟೈರ್, ಅಂದರೆ ಎಲ್ಲ ಬಗೆಯ ನೆಲಕ್ಕೂ ಆಗುವಂಥದ್ದು. ಹಲ್ಲು ಮುಕ್ಕಾಲು ಇಂಚಿನಿಂದ ಒಂದು ಇಂಚಿನೊಳಗೆ ಇರಲಿ, ಹತ್ತಿರ ಹತ್ತಿರ ಇರಲಿ, ಅಂಚುಗಳು ಜಾಸ್ತಿ ಇರಲಿ. ಮ್ಯಾಕ್ಸಿಸ್ ಬಿಗ್‌ಹಾರ್ನ್ ಈ ಜಾತಿಯದು. ಐಟಿಪಿ ಮಡ್ ಲೈಟ್ ಅನ್ನುವುದರ ಹೆಸರಿನಲ್ಲಿ ಮಡ್ ಇದೆ, ಆದರೆ ಅದರ ಎಟಿ (ಆಲ್ ಟೆರೇನ್) ಮಾದರಿಯ ಹಲ್ಲು ಮುಕ್ಕಾಲು ಇಂಚಷ್ಟೇ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಹಲ್ಲಿನ ಆಳ ಎಷ್ಟು ಅಂತ ಕೇಳಿ. ರಬ್ಬರನ್ನೂ ಉಗುರಿನಿಂದ ಒತ್ತಿ ನೋಡಿ. ಚಳಿಗೆ ಎಲ್ಲ ರಬ್ಬರೂ ಬಿಗಿಯಾಗುತ್ತದೆ. ಬೆಚ್ಚಗಿನ ಅಂಗಡಿಯಲ್ಲೇ ಗಟ್ಟಿ ಅನ್ನಿಸಿದ ಟೈರ್ ಹೊರಗಿನ ಚಳಿಯಲ್ಲಿ ಇನ್ನೂ ಗಟ್ಟಿಯಾಗಿ ಜಾರುತ್ತದೆ.

ಅಳತೆಯ ವಿಷಯ. 25x8-12 ಅಂತ ಬರೆದಿದ್ದರೆ ಟೈರಿನ ಎತ್ತರ 25 ಇಂಚು, ಅಗಲ 8, ರಿಮ್ 12 ಅಂತ ಅರ್ಥ. ಎತ್ತರ ಎರಡು ಇಂಚು ಹೆಚ್ಚಿಸಿದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಅರ್ಧ ಅಳತೆ ಆಕ್ಸಲ್‌ನಿಂದ ಮೇಲಕ್ಕೆ ಹೋಗುತ್ತದೆ. ಆ ಒಂದು ಇಂಚಿಗಾಗಿ ಬೆಲ್ಟು, ಕ್ಲಚ್ಚು, ಆಕ್ಸಲ್ ಎಲ್ಲಕ್ಕೂ ಭಾರ ಬೀಳುತ್ತದೆ. ಬ್ಲೇಡ್ ಕಟ್ಟಿ ನಿಧಾನವಾಗಿ ತಳ್ಳುವ ಕೆಲಸಕ್ಕೆ ಅದು ಇನ್ನೂ ಕೆಟ್ಟದ್ದು. ಕಂಪನಿ ಕೊಟ್ಟ ಎತ್ತರವನ್ನೇ ಉಳಿಸಿಕೊಳ್ಳಿ, ತೀರಾ ಬೇಕಿದ್ದರೆ ಒಂದು ಇಂಚು ಹೆಚ್ಚು. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಟೈರಿನ ಸುತ್ತಳತೆಯ ಲೆಕ್ಕ ತಪ್ಪಬಾರದು. ಮುಂದಿನ ಎರಡನ್ನು ಮಾತ್ರ ಬದಲಾಯಿಸಿ ಬೇರೆ ಎತ್ತರದ್ದು ಹಾಕಿದರೆ ಗೇರುಗಳು ಒಂದನ್ನೊಂದು ಎಳೆದಾಡುತ್ತವೆ.

ಅಗಲ ಎಷ್ಟಿರಬೇಕು ಅನ್ನುವುದಕ್ಕೆ ನಿಮ್ಮ ಹಿಮವೇ ಉತ್ತರ. ಗಟ್ಟಿ ನೆಲದ ಮೇಲೆ ತೆಳ್ಳಗೆ ಹಿಮ ಇದ್ದರೆ ಕಿರಿದಾದ ಟೈರ್ ಸೀಳಿಕೊಂಡು ನೆಲಕ್ಕೆ ತಾಗುತ್ತದೆ. ಆಳದ ಹಿಮದಲ್ಲಿ ಅಗಲದ್ದು ಮೇಲೆ ತೇಲುತ್ತದೆ. ನೀವು ಎರಡನ್ನೂ ಕಾಣುವವರು, ಆದ್ದರಿಂದ ಮುಂದೆ ಕಿರಿದು, ಹಿಂದೆ ಅಗಲ ಅನ್ನುವ ಮಾಮೂಲಿ ಜೋಡಣೆಯೇ ಇರಲಿ. ಮುಂದೆ ತುಂಬಾ ಅಗಲದ್ದು ಹಾಕಿದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ಹಿಮವನ್ನು ತಳ್ಳಿಕೊಂಡು ನೇರವಾಗಿ ಹೋಗುತ್ತದೆ. ಇನ್ನು ನಿಮ್ಮ ಕಡೆ ಹಿಮ ಪದೇ ಪದೇ ಗಾಡಿಯ ಹೊಟ್ಟೆ ಮೀರಿ ಬೀಳುವುದಾದರೆ ಯಾವ ಟೈರೂ ಸಾಲದು. ಅದಕ್ಕೆ ಚಕ್ರ ಬಿಚ್ಚಿ ಟ್ಯಾಂಕಿಗೆ ಇರುವಂಥ ರಬ್ಬರ್ ಪಟ್ಟಿ (ಟ್ರ್ಯಾಕ್) ಹಾಕಬೇಕು, ಅದರ ಖರ್ಚು ಬೇರೆಯೇ.

ಪ್ಲೈ (ಟೈರಿನ ಗಟ್ಟಿತನದ ಅಂಕಿ) 6 ಇರುವ ರೇಡಿಯಲ್ ಟೈರ್ (ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಹಾದಿರುವಂಥದ್ದು) ತೆಗೆದುಕೊಳ್ಳಿ. ಕಲ್ಲುದಾರಿಗೆ ಅಷ್ಟು ಗಟ್ಟಿ ಬೇಕೇ ಬೇಕು. 8 ಪ್ಲೈಗೆ ಹೋದರೆ ಪಕ್ಕದ ಗೋಡೆ ಬಿಗಿಯಾಗಿ, ಗಾಳಿ ಇಳಿಸಿದರೂ ಟೈರ್ ಹರಡುವುದಿಲ್ಲ. ಹಿಮದಲ್ಲಿ ಬೇಕಾಗಿರುವುದೇ ಆ ಹರಡುವಿಕೆ.

ಟೈರ್ ಎಷ್ಟು ಹರಡುತ್ತದೆ ಅನ್ನುವುದು ಒಳಗಿನ ಗಾಳಿಯ ಮೇಲೆ ನಿಂತಿದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಟೈರ್ ಆರಿಸಲು ತಿಂಗಳುಗಟ್ಟಲೆ ಓದುವವರು ಗಾಳಿಯನ್ನು ಮರೆತೇ ಬಿಡುತ್ತಾರೆ. ಎಟಿವಿ ಟೈರಿಗೆ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ಇಷ್ಟು ಕಡಿಮೆ ಇರುವುದರಿಂದಲೇ ಚಳಿ ಇದನ್ನು ಜೋರಾಗಿ ಕೆಡಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಗ್ಯಾರೇಜಿನಲ್ಲಿ 6 ಪಿಎಸ್‌ಐ ತುಂಬಿಸಿದಿರಿ ಅಂದುಕೊಳ್ಳಿ. ಹೊರಗಿನ ಗಾಳಿಯ ಒತ್ತಡ 14.7 ಸೇರಿದರೆ ಟೈರಿನೊಳಗಿನ ನಿಜವಾದ ಒತ್ತಡ 20.7. ಗಾಡಿ ಮೈನಸ್ 20ಕ್ಕೆ ಹೋಗಿ ತಣ್ಣಗಾದಾಗ ಈ 20.7 ಸುಮಾರು 17.9ಕ್ಕೆ ಇಳಿಯುತ್ತದೆ. ಹೊರಗಿನ 14.7 ಕಳೆದರೆ ಮೀಟರ್ ತೋರಿಸುವುದು 3 ಚಿಲ್ಲರೆ. ತೂತು ಬಿದ್ದಿಲ್ಲ, ಯಾರೂ ಮುಟ್ಟಿಲ್ಲ, ಗಾಳಿ ಮಾತ್ರ ಅರ್ಧ.

ಆಳದ ಹಿಮದಲ್ಲಿ 3ರಿಂದ 4 ಒಳ್ಳೆಯದೇ, ಟೈರ್ ಅಗಲವಾಗಿ ಹರಡಿ ತೇಲುತ್ತದೆ. ಅದು ನೀವು ಬೇಕೆಂದೇ ಇಳಿಸಿದ್ದಾಗಿರಬೇಕು. ಅಷ್ಟು ಕಡಿಮೆ ಗಾಳಿಯಲ್ಲಿ ಜೋರಾಗಿ ತಿರುಗಿಸಿದರೆ ಟೈರಿನ ಬೀಡ್ (ರಿಮ್ಮಿಗೆ ಕೂರುವ ಅಂಚು) ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ನನಗೆ ಒಂದು ಇಳಿಜಾರಿನಲ್ಲಿ ಹಾಗೆ ಆಗಿದೆ. ಹಿಮದಲ್ಲಿ ಮಂಡಿಯೂರಿ, ಮರಗಟ್ಟಿದ ಬೆರಳಲ್ಲಿ ಅದನ್ನು ಮತ್ತೆ ಕೂರಿಸುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಅಂದಿನಿಂದ ಪಂಪ್ ಇಲ್ಲದೆ ಹೊರಡುವುದಿಲ್ಲ. ಗಾಡಿಯನ್ನು ಹೊರಗೆ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಗಾಳಿ ನೋಡಿ. ಕಾರಿನ ಮೀಟರ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ 3ಕ್ಕೂ 5ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಮೀಟರ್ ಸಿಗುತ್ತದೆ, ಟೈರ್ ಕೊಳ್ಳುವಾಗಲೇ ಅದನ್ನೂ ಕೊಳ್ಳಿ. ಹಿಮ ತಳ್ಳುವ ದಿನ ಮುಂದಿನ ಟೈರಿಗೆ ಬ್ಲೇಡಿನ ಭಾರ ಬೀಳುತ್ತದೆ, ಅವತ್ತು ಮುಂದೆ ಒಂದು ಪಿಎಸ್‌ಐ ಹೆಚ್ಚಿಗೆ ಇಟ್ಟುಕೊಳ್ಳಿ. ಎಷ್ಟೇ ಆದರೂ ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿ ದಾಟಬೇಡಿ.

ಉಳಿದದ್ದು ಐಸ್. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ದಾರಿಯಲ್ಲಿ ನಾನು ಹೇಳಿದ ಯಾವ ಟೈರೂ ನಿಲ್ಲುವುದಿಲ್ಲ. ಅಲ್ಲಿ ಲೋಹವೇ ಬೇಕು. ಹಲ್ಲಿಗೆ ತಿರುಪಿ ಕೂರಿಸುವ ಸ್ಟಡ್‌ಗಳಿವೆ, ಆದರೆ ಅವುಗಳ ಉದ್ದ ಹಲ್ಲಿನ ಆಳಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಟೈರಿಗೇ ತೂತು. ಬೇಸಿಗೆಯಲ್ಲೂ ಅದೇ ಟೈರ್ ಓಡಿಸುವ ನಿಮಗೆ ಟೈರಿನ ಸುತ್ತ ಕಟ್ಟುವ ಲೋಹದ ಚೈನ್ ವಾಸಿ. ನಾಲ್ಕಕ್ಕೂ ಹಾಕಿದರೆ ಚೆಂದ. ಒಂದೇ ಜೊತೆ ಇದ್ದರೆ ತಳ್ಳುವ ಕೆಲಸಕ್ಕೆ ಹಿಂದಿನ ಚಕ್ರಕ್ಕೆ ಹಾಕಿ, ಆದರೆ ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ ಅನ್ನುವುದು ನೆನಪಿರಲಿ. ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರವನ್ನು ಕೈಯಲ್ಲೇ ಸುತ್ತಿಸಿ, ಬ್ರೇಕ್ ಪೈಪಿಗೆ ಎಲ್ಲಾದರೂ ತಾಗುತ್ತದಾ ನೋಡಿ. ಹತ್ತು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಿ. ಚೈನ್ ಸಡಿಲವಾಗಿರುತ್ತದೆ, ಇನ್ನೊಮ್ಮೆ ಬಿಗಿ ಮಾಡಿ. ಬರೀ ಕಲ್ಲು ಕಾಣುವ ದಾರಿ ಬಂದರೆ ಅಲ್ಲೇ ಬಿಚ್ಚಿಬಿಡಿ.