ಕೋಚ್ ಇರುವಾಗ ಹಿರಿಯ ಲೈನ್‌ಮನ್ ಹುಡುಗರಿಗೆ ಕಲಿಸುವುದೇನು?

ನೀವು ಕೇಳಿರುವುದು ಎರಡು ಪ್ರಶ್ನೆ. ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಗೆ, ಅಂದರೆ ಮುಂದಿನ ಸಾಲಿಗೆ, ಅಂತಲೇ ಒಬ್ಬ ಕೋಚ್ ಇರುತ್ತಾರೆ, ಹಾಗಿದ್ದ ಮೇಲೆ ವಯಸ್ಸಾದ ಆಟಗಾರ ಹುಡುಗರಿಗೆ ಹೇಳಿಕೊಡುವುದಕ್ಕೆ ಏನು ಉಳಿದಿರುತ್ತದೆ? ಮತ್ತೆ, ನಾಳೆ ತನ್ನ ಜಾಗಕ್ಕೇ ಬರುವವನಿಗೆ ಅವನು ಯಾಕೆ ಕಲಿಸಬೇಕು? ಈ ಆಟ ನೋಡುವಾಗ ನನ್ನ ಕಣ್ಣು ಚೆಂಡಿಗಿಂತ ಜಾಸ್ತಿ ಮುಂದಿನ ಸಾಲಿನ ಐವರ ಮೇಲೇ ಇರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ಲೈನ್‌ಮನ್‌ಗಳು: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಅಂಚಿನಲ್ಲಿ ಟ್ಯಾಕಲ್‌ಗಳು. ಎದುರಾಳಿ ಇವರನ್ನು ದಾಟಿ ಬಂದು, ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್.

ಪಾದ ಎಲ್ಲಿಡಬೇಕು, ಕೈ ಎದುರಾಳಿಯ ಎದೆಗೆ ಎಲ್ಲಿ ತಾಗಬೇಕು ಅನ್ನೋದನ್ನು ಕೋಚ್ ಹೇಳಿಕೊಡುತ್ತಾರೆ. ವಿಡಿಯೊ ಹಾಕಿ ತಪ್ಪು ತೋರಿಸುತ್ತಾರೆ. ಆದರೆ ಸ್ನ್ಯಾಪ್, ಅಂದರೆ ಸೆಂಟರ್ ಕೈಯಿಂದ ಚೆಂಡು ಹಿಂದಕ್ಕೆ ಹೋಗುವ ಮುಂಚಿನ ಆ ಕೆಲವು ಸೆಕೆಂಡುಗಳಲ್ಲಿ ಕೋಚ್ ಗೆರೆಯ ಆಚೆ ನಿಂತಿರುತ್ತಾರೆ. ಪಕ್ಕದಲ್ಲಿರುವುದು ಜೊತೆ ಆಟಗಾರ ಮಾತ್ರ.

ಸ್ಟಂಟ್ ಅಂತ ಒಂದು ಪಟ್ಟು ಇದೆ, ಅದನ್ನೇ ತಗೊಳ್ಳಿ. ಎದುರು ತಂಡದಲ್ಲಿ ಒಳಗಡೆ ನಿಂತವನು ನೇರ ನುಗ್ಗದೆ, ಓರೆಯಾಗಿ ಬಂದು ನಮ್ಮ ಟ್ಯಾಕಲ್‌ಗೆ ಗುದ್ದುತ್ತಾನೆ. ಅಂಚಿನಲ್ಲಿದ್ದವನು ಅವನ ಬೆನ್ನ ಹಿಂದಿಂದ ಸುತ್ತಿ ಒಳಗಿನ ಸಂದಿಗೆ ಬರುತ್ತಾನೆ. ಹೊಸ ಗಾರ್ಡ್ ಏನು ಮಾಡುತ್ತಾನೆ? ತನ್ನ ಮುಂದಿದ್ದವನ ಹಿಂದೆಯೇ ಓಡಿ ತನ್ನದೇ ಟ್ಯಾಕಲ್‌ಗೆ ಡಿಕ್ಕಿ ಹೊಡೆಯುತ್ತಾನೆ. ಮಧ್ಯೆ ದಾರಿ ಖಾಲಿ. ಮಾಡಬೇಕಾದ್ದೇ ಬೇರೆ: ತನ್ನವನನ್ನು ಒಂದು ಸಲ ಬಲವಾಗಿ ತಳ್ಳಿ ಟ್ಯಾಕಲ್‌ಗೆ ಒಪ್ಪಿಸಿ, ಸುತ್ತಿ ಬರುವವನಿಗೆ ಕಾದು ನಿಲ್ಲಬೇಕು. ಟ್ಯಾಕಲ್ ಕೂಡ ಅದೇ ಕ್ಷಣದಲ್ಲಿ ತನ್ನವನನ್ನು ಬಿಟ್ಟುಕೊಡಬೇಕು. ಒಬ್ಬ ಬಿಟ್ಟು ಇನ್ನೊಬ್ಬ ಬಿಡದಿದ್ದರೆ ಕೆಲಸ ಕೆಟ್ಟಿತು. ಕಬಡ್ಡಿಯಲ್ಲಿ ಕೈ ಹಿಡಿದು ನಿಂತ ಇಬ್ಬರಲ್ಲಿ ಹಳಬ ಕೈ ಅದುಮಿದ ತಕ್ಷಣ ಹೊಸಬನಿಗೆ ಈಗ ನುಗ್ಗಬೇಕು ಅಂತ ಗೊತ್ತಾಗುತ್ತದಲ್ಲ, ಇದೂ ಹಾಗೆಯೇ.

ಸ್ಟಂಟ್ ಬರುತ್ತದೆ ಅಂತ ಹಳಬನಿಗೆ ಹೇಗೆ ತಿಳಿಯುತ್ತದೆ? ಎದುರಾಳಿ ನೆಲಕ್ಕೆ ಊರಿದ ಕೈಯನ್ನು ನೋಡುತ್ತಾನೆ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದರೆ ಮೈಭಾರವೆಲ್ಲ ಮುಂದಿದೆ, ನೇರ ನುಗ್ಗುತ್ತಾನೆ. ಕೈ ಸುಮ್ನೆ ನೆಲ ಮುಟ್ಟಿದ್ದರೆ ಪಕ್ಕಕ್ಕೆ ಸರಿಯುವ ಯೋಚನೆ ಇರಬಹುದು. ಯಾವ ಆಟಗಾರ ದಿನವೂ ನಿಲ್ಲುವ ಜಾಗಕ್ಕಿಂತ ಅರ್ಧ ಹೆಜ್ಜೆ ಒಳಗೆ ನಿಂತಿದ್ದಾನೆ, ಯಾರು ಪಕ್ಕದವನ ಕಡೆ ಒಮ್ಮೆ ಕಣ್ಣು ಹಾಯಿಸಿದ, ಇವೆಲ್ಲ ವರ್ಷಗಟ್ಟಲೆ ಎದುರು ನಿಂತವನ ತಲೆಯಲ್ಲಿರುವ ಲೆಕ್ಕ. ಅವನು ಒಂದು ಪದ ಕೂಗಿದರೆ ಪಕ್ಕದ ಹುಡುಗ ತಯಾರಾಗುತ್ತಾನೆ.

ಇದನ್ನು ಅಭ್ಯಾಸದಲ್ಲೇ ಕಲಿಯಬಹುದಲ್ವಾ ಅಂದರೆ, ಸಮಯವೇ ಇಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಟಗಾರರ ಸಂಘದ ಜೊತೆ 2011ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಋತುವಿನ ಪಂದ್ಯಗಳು ಶುರುವಾದ ಮೇಲೆ ತಂಡಗಳು ಪ್ಯಾಡ್ ತೊಟ್ಟು ಅಭ್ಯಾಸ ಮಾಡಬಹುದಾದದ್ದು 14 ಸಲ ಮಾತ್ರ. ಆಟಗಾರರ ಮೈಗೆ ಅದು ಒಳ್ಳೆಯದೇ. ಆದರೆ ಪ್ಯಾಡ್ ಇಲ್ಲದೆ ಲೈನ್‌ಮನ್ ಕೆಲಸ ಕಲಿಯುವುದು ಕಷ್ಟ.

ಈಗ ನಿಜವಾಗಿ ನಡೆದದ್ದು ಹೇಳುತ್ತೇನೆ. 2016ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಗೆದ್ದದ್ದು ನಾಲ್ಕೇ ಪಂದ್ಯ. ಹೊಸ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ 7 ಪಂದ್ಯಗಳಲ್ಲಿ 26 ಸಲ ಸ್ಯಾಕ್ ಆದರು. ಮರುವರ್ಷ ಸಿನ್ಸಿನಾಟಿ ತಂಡದಿಂದ ಆ್ಯಂಡ್ರ್ಯೂ ವಿಟ್‌ವರ್ತ್ ಬಂದರು. ಎಡ ಟ್ಯಾಕಲ್, ವಯಸ್ಸು 35. ಆ ವರ್ಷ ಗಾಫ್ 15 ಪಂದ್ಯಗಳಲ್ಲಿ 25 ಸಲ ಮಾತ್ರ ಸ್ಯಾಕ್ ಆದರು. ಕೋಚ್‌ಗಳೂ ಬದಲಾಗಿದ್ದರು, ಎಲ್ಲ ಒಬ್ಬರದೇ ಪುಣ್ಯ ಅಲ್ಲ.

ನನಗೆ ಅದಕ್ಕಿಂತ ದೊಡ್ಡದು 2019. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಹೋಗಿದ್ದ ಲೈನ್‌ನಿಂದ ಎಡ ಗಾರ್ಡ್ ಸ್ಯಾಫೋಲ್ಡ್ ಮತ್ತು ಸೆಂಟರ್ ಸಲಿವನ್ ಹೊರಟುಹೋದರು. ಬದಲಿಗೆ ನಿಂತದ್ದು ಎರಡನೇ ವರ್ಷದ ಹುಡುಗರಾದ ಜೋಸೆಫ್ ನೋಟ್‌ಬೂಮ್ ಮತ್ತು ಬ್ರಯಾನ್ ಆಲನ್. ಅಕ್ಟೋಬರ್‌ನಲ್ಲಿ ನೋಟ್‌ಬೂಮ್ ಮಂಡಿ ಹೋಯಿತು. ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಂದೇ ಪಂದ್ಯದಲ್ಲಿ ಆಲನ್ ಮತ್ತು ಬಲ ಟ್ಯಾಕಲ್ ಹ್ಯಾವನ್‌ಸ್ಟೈನ್ ಇಬ್ಬರೂ ಪೆಟ್ಟಾಗಿ ಹೊರಬಿದ್ದರು. ಆಮೇಲೆ ಸಾಲಿನಲ್ಲಿದ್ದವರು ಯಾರು ನೋಡಿ: ಕಾಲೇಜಿನಲ್ಲಿ ಟ್ಯಾಕಲ್ ಆಗಿದ್ದು ಈಗ ಗಾರ್ಡ್ ಆಗಬೇಕಾಗಿ ಬಂದ ಡೇವಿಡ್ ಎಡ್ವರ್ಡ್ಸ್, ಅದೇ ವರ್ಷ ಬಂದ ಇನ್ನೊಬ್ಬ ಹುಡುಗ ಬಾಬಿ ಇವಾನ್ಸ್, ಕ್ಲೀವ್‌ಲ್ಯಾಂಡ್‌ನಿಂದ ಋತುವಿನ ಮಧ್ಯೆ ಬಂದ ಆಸ್ಟಿನ್ ಕಾರ್ಬೆಟ್, ಗಾರ್ಡ್ ಜಾಗದಿಂದ ಸೆಂಟರ್‌ಗೆ ಸರಿದ ಆಸ್ಟಿನ್ ಬ್ಲೈತ್. ಮತ್ತೆ ವಿಟ್‌ವರ್ತ್. ಋತು ಶುರುವಾದಾಗ ನಿಂತ ಜಾಗದಲ್ಲೇ ಇದ್ದವರು ಅವರೊಬ್ಬರೇ. 16 ಪಂದ್ಯಗಳನ್ನೂ ಆಡಿದರು. ಗಾಫ್ ಆ ವರ್ಷ 626 ಸಲ ಎಸೆದರು, ಸ್ಯಾಕ್ ಆದದ್ದು 22. ತಂಡ ಪ್ಲೇಆಫ್‌ಗೆ, ಅಂದರೆ ಕೊನೆಯ ನಾಕೌಟ್ ಪಂದ್ಯಗಳಿಗೆ, ಹೋಗಲಿಲ್ಲ. ಆದರೂ ಆ ಕಾಲು ಮುರಿದ ಸಾಲು ನಿಂತದ್ದು ನೋಡಿ ನನಗೆ ತುಂಬಾ ಗೌರವ ಬಂತು.

ಎರಡು ವರ್ಷದ ನಂತರ, 2022ರ ಫೆಬ್ರವರಿಯಲ್ಲಿ ರ‍್ಯಾಮ್ಸ್ ಸೂಪರ್ ಬೌಲ್ ಗೆದ್ದಾಗ ಎಡದಿಂದ ಬಲಕ್ಕೆ ನಿಂತಿದ್ದವರು ವಿಟ್‌ವರ್ತ್, ಎಡ್ವರ್ಡ್ಸ್, ಆಲನ್, ಕಾರ್ಬೆಟ್, ಹ್ಯಾವನ್‌ಸ್ಟೈನ್. 2019ರಲ್ಲಿ ಏಟು ತಿಂದು ಕಲಿತ ಅದೇ ಹುಡುಗರು. ಅಷ್ಟರಲ್ಲಿ ಲೈನ್ ಕೋಚ್ ಕೂಡ ಬದಲಾಗಿದ್ದರು. ಹಳಬರಾದ ವಿಟ್‌ವರ್ತ್ ಮಾತ್ರ ಅಲ್ಲೇ ಇದ್ದರು, 40ನೇ ವಯಸ್ಸಿನಲ್ಲಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ನೋಟ್‌ಬೂಮ್ ಕಥೆಯಲ್ಲಿದೆ. ಮಂಡಿ ವಾಸಿಯಾಗಿ, ಮುಂದೆ ಅವರು ವಿಟ್‌ವರ್ತ್ ಜಾಗಕ್ಕೆ ಬದಲಿ ಆಟಗಾರರಾದರು, ಅಂದರೆ ನೇರ ವಾರಸುದಾರ. 2020ರ ನವೆಂಬರ್‌ನಲ್ಲಿ ವಿಟ್‌ವರ್ತ್‌ಗೆ ಪೆಟ್ಟಾದಾಗ ಎಡ ಟ್ಯಾಕಲ್ ಆಗಿ ಆಡಿದ್ದು ಅವರೇ. 2022ರ ಜನವರಿಯಲ್ಲಿ ಟ್ಯಾಂಪಾದಲ್ಲಿ ಪ್ರಸಿದ್ಧ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ತಂಡದ ವಿರುದ್ಧದ ಪ್ಲೇಆಫ್ ಪಂದ್ಯಕ್ಕೂ ವಿಟ್‌ವರ್ತ್ ಇರಲಿಲ್ಲ. ನೋಟ್‌ಬೂಮ್ ಆಡಿದರು, ರ‍್ಯಾಮ್ಸ್ 30-27ರಲ್ಲಿ ಗೆದ್ದಿತು. ಆ ಹುಡುಗ ತಯಾರಿಲ್ಲದೆ ಹೋಗಿದ್ದರೆ ವಿಟ್‌ವರ್ತ್ ಕೈಗೆ ಗೆದ್ದವರಿಗೆ ಕೊಡುವ ಸೂಪರ್ ಬೌಲ್ ಉಂಗುರವೇ ಬರುತ್ತಿರಲಿಲ್ಲವೇನೋ. ಹಾಗಾಗಿ ಕಲಿಸುವುದು ಬರೀ ದೊಡ್ಡ ಮನಸ್ಸಿನ ವಿಷಯ ಅಂತ ನಾನು ನಂಬುವುದಿಲ್ಲ. ಪಕ್ಕದ ಹುಡುಗ ತಪ್ಪಿದರೆ ಹಳಬನ ಆಟವೇ ಹಾಳಾಗುತ್ತದೆ. ಅವನೂ ಹುಡುಗನಾಗಿದ್ದಾಗ ಯಾರೋ ಹೇಳಿಕೊಟ್ಟಿರುತ್ತಾರೆ. 2006ರಲ್ಲಿ ವಿಟ್‌ವರ್ತ್ ಸಿನ್ಸಿನಾಟಿಗೆ ಸೇರಿದಾಗ ಅಲ್ಲಿ ವಿಲ್ಲಿ ಆ್ಯಂಡರ್ಸನ್‌ರಂಥ ಪಳಗಿದ ಟ್ಯಾಕಲ್ ಇದ್ದರು.

ಎಲ್ಲ ಹಿರಿಯರೂ ಹೀಗೇ ಇರುವುದಿಲ್ಲ. ಕಲಿಸುವುದು ನನ್ನ ಕೆಲಸ ಅಲ್ಲ ಅನ್ನುವವರೂ ಇದ್ದಾರೆ, ಅವರ ಹೊಟ್ಟೆಪಾಡಿನ ಭಯ ನನಗೆ ಅರ್ಥವಾಗುತ್ತದೆ. ಮತ್ತೆ ಕಲಿಸಿದ್ದೆಲ್ಲ ಫಲ ಕೊಡುತ್ತದೆ ಅಂತಲೂ ಇಲ್ಲ. 2022ರಲ್ಲಿ ವಿಟ್‌ವರ್ತ್ ನಿವೃತ್ತರಾದರು, ಎಡ ಟ್ಯಾಕಲ್ ಜಾಗ ನೋಟ್‌ಬೂಮ್‌ಗೆ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಕಾರ್ಬೆಟ್ ಬೇರೆ ತಂಡಕ್ಕೆ ಹೋಗಿಯಾಗಿತ್ತು. ರ‍್ಯಾಮ್ಸ್ ಆ ವರ್ಷ 5 ಗೆದ್ದು 12 ಸೋತಿತು. ಎಡ್ವರ್ಡ್ಸ್ ಮಾತ್ರ 2023ರಲ್ಲಿ ಬಫಲೋ ತಂಡಕ್ಕೆ ಹೋಗಿ ಹಳೆಯ ಲೈನ್ ಕೋಚ್ ಕ್ರೋಮರ್ ಜೊತೆ ಸೇರಿದರು, 2024ರಲ್ಲಿ ಅಲ್ಲಿನ ಎಡ ಗಾರ್ಡ್ ಆದರು.

ಮುಂದಿನ ಸಲ ಪಂದ್ಯ ನೋಡುವಾಗ ಒಂದೆರಡು ಡ್ರೈವ್ (ಒಂದು ತಂಡ ಚೆಂಡು ಹಿಡಿದು ಆಡುವ ಸರದಿ) ಚೆಂಡನ್ನು ಮರೆತು, ಎಡ ಟ್ಯಾಕಲ್ ಮತ್ತು ಎಡ ಗಾರ್ಡ್ ಇಬ್ಬರನ್ನೇ ನೋಡಿ. ಸ್ನ್ಯಾಪ್‌ಗೆ ಮುಂಚೆ ಯಾರು ಮಾತಾಡುತ್ತಾರೆ, ಯಾರು ತಲೆಯಾಡಿಸುತ್ತಾರೆ ಅಂತ ಗಮನಿಸಿದರೆ ಕಲಿಸುವವರು ಯಾರು ಅಂತ ಗೊತ್ತಾಗುತ್ತದೆ.