ಅಮೆರಿಕದ ಮಿಷಿಗನ್ ರಾಜ್ಯದ ನೋವೈಗೆ ಹೊರಟಿರುವ ಸಕಲೇಶಪುರದ ತಮ್ಮನಿಗೆ

ಬಾಡಿಗೆ ಎಷ್ಟು, ಚಳಿ ತಡೆಯೋಕಾಗುತ್ತಾ ಅಂತೆಲ್ಲ ಕೇಳಿ, ಕೊನೆಗೆ 'ಅಣ್ಣ, ಅಲ್ಲಿ ಮನೆಮನೆಯಲ್ಲೂ ಗನ್ ಇರುತ್ತಂತೆ, ಮಗಳನ್ನು ಆಡೋಕೆ ಪಕ್ಕದ ಮನೆಗೆ ಕಳಿಸಬಹುದಾ?' ಅಂತ ಬರೆದಿದ್ದೀಯ.

ಮನೆಯನ್ನು ಶಾಲೆ ನೋಡಿ ಹಿಡಿ. ದಪ್ಪ ಜಾಕೆಟ್ ಇಲ್ಲಿಂದ ಹೊರಬೇಡ, ಅಲ್ಲೇ ತಗೋ. ಊರಿನ ಹೆಸರು ನೋವಿ ಅಲ್ಲ, ನೋವೈ. ಉಳಿದದ್ದು ಹೋದಮೇಲೆ ತಾನಾಗೇ ಗೊತ್ತಾಗುತ್ತದೆ.

ಗನ್ ವಿಷಯ ಹಾಗಲ್ಲ. ನಾನೀಗ ರಜೆಗೆ ಬಂದು ಮೂಡಿಗೆರೆ ಮನೆಯ ಜಗಲಿಯಲ್ಲಿ ಕೂತಿದ್ದೇನೆ. ಎದುರು ಗೋಡೆಯಲ್ಲಿ ಎರಡು ಮೊಳೆ ಖಾಲಿ. ಎಲೆಕ್ಷನ್ ಅಂತ ಅಣ್ಣ ಕೋವಿಯನ್ನು ಸ್ಟೇಷನ್ನಿಗೆ ಕೊಟ್ಟು ಬಂದಿದ್ದಾನೆ, ರಸೀತಿ ಕ್ಯಾಲೆಂಡರಿಗೆ ಸಿಕ್ಕಿಸಿದೆ. ನಿಮ್ಮ ಕಡೆಯೂ ಇದೇ ಕಥೆ ಅಲ್ವಾ. ನಾವು ಹುಡುಗರಾಗಿದ್ದಾಗ ಕೋವಿ ಕಣ್ಣೆದುರೇ ನೇತಾಡುತ್ತಿತ್ತು. ತೋಟಾ ಮಾತ್ರ ಅಜ್ಜಿಯ ಟ್ರಂಕಿನಲ್ಲಿ, ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಹಂದಿ ಗದ್ದೆಗಿಳಿದಿದೆ ಅಂತ ಅಜ್ಜ ಎಷ್ಟೇ ಕೂಗಾಡಲಿ, ಅಜ್ಜಿ ಎಣಿಸಿ ಎರಡೇ ತೋಟಾ ಕೊಡುತ್ತಿದ್ದಳು. ಬಳಸದೆ ಉಳಿದರೆ ವಾಪಸ್ ಕೇಳುತ್ತಿದ್ದಳು.

2011ರಲ್ಲಿ ನಾವು ಮಿಷಿಗನ್‌ಗೆ ಹೋದ ಹೊಸತು. ಮಗಳಿಗೆ ಆರು ವರ್ಷ. ಎದುರು ಮನೆ ಹುಡುಗಿ ಅವಳ ಜೀವದ ಗೆಳತಿ. ಆ ಹುಡುಗಿಯ ಅಪ್ಪ ಒಳ್ಳೆಯವನು, ಮೊದಲ ಸಲ ಹಿಮ ಬಿದ್ದಾಗ ನಮ್ಮ ಮನೆ ಮುಂದಿನದನ್ನೂ ತಾನೇ ಎತ್ತಿ ಹಾಕಿದವನು. ಒಂದು ರಾತ್ರಿ ಮಗಳು ಸಾರನ್ನ ಕಲಸುತ್ತಾ ಹೇಳಿದಳು: 'ಅವರಪ್ಪನ ಮಂಚದ ಪಕ್ಕದ ಡ್ರಾಯರಲ್ಲಿ ಪಿಸ್ತೂಲಿದೆ. ತೆಗೆದು ತೋರಿಸಿದಳು. ತುಂಬಾ ಭಾರ ಅಪ್ಪಾ.'

ಭಾರ ಅಂದರೆ, ಕೈಗೆ ತಗೊಂಡಿದ್ದಾಳೆ.

ನಾನು ಮಾಡಿದ್ದು ಇಷ್ಟೇ, ಮಗಳನ್ನು ಅಲ್ಲಿಗೆ ಕಳಿಸುವುದು ನಿಲ್ಲಿಸಿದೆ. ಜ್ವರ, ಹೋಮ್‌ವರ್ಕ್, ನೆಂಟರು ಅಂತ ನೆಪ ಹೇಳಿದೆ. ಆ ಹುಡುಗಿ ಮೂರ್ನಾಲ್ಕು ಸಲ ಬಾಗಿಲು ತಟ್ಟಿ, ಆಮೇಲೆ ಬರುವುದನ್ನೇ ಬಿಟ್ಟಿತು. ಅವರಪ್ಪನಿಗೆ ಒಂದು ಮಾತು ಹೇಳಲಿಲ್ಲ. ಅವನ ಮನೆ, ಅವನ ದೇಶ, ನಮಗ್ಯಾಕೆ ಸುಮ್ನೆ ಅಂತ. ನನ್ನ ಮಗು ಬಚಾವಾಯಿತು. ಡ್ರಾಯರು ಹಾಗೇ ಇತ್ತು, ಆ ಮಗುವೂ ಅದೇ ಮನೆಯಲ್ಲಿತ್ತು. ಮರುವರ್ಷ ಅವರು ಬೇರೆ ಕಡೆ ಹೋದರು.

2021ರ ನವೆಂಬರ್ 30ರಂದು ಮಿಷಿಗನ್‌ನದೇ ಆಕ್ಸ್‌ಫರ್ಡ್ ಅನ್ನುವ ಊರಿನ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗ ಗುಂಡು ಹಾರಿಸಿ ನಾಲ್ಕು ಮಕ್ಕಳನ್ನು ಕೊಂದ. ಅಲ್ಲಿನ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಪಿಸ್ತೂಲು ಅವನಪ್ಪ ನಾಲ್ಕು ದಿನದ ಹಿಂದಷ್ಟೇ ಕೊಂಡದ್ದು. ಆ ರಾತ್ರಿಯೆಲ್ಲ ನನ್ನ ಕಣ್ಮುಂದೆ ಆ ಡ್ರಾಯರೇ.

ಈಗ ಮಿಷಿಗನ್‌ನಲ್ಲಿ ಕಾನೂನಿದೆ, 2024ರ ಫೆಬ್ರುವರಿ 13ರಿಂದ. 18 ತುಂಬದ ಮಕ್ಕಳು ಇರುವ ಅಥವಾ ಬಂದುಹೋಗುವ ಮನೆಯಾದರೆ, ಗನ್ನನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ. ಗುಂಡು ತೆಗೆದು ಅದಕ್ಕೇ ಬೀಗ ಜಡಿಯಬೇಕು, ಇಲ್ಲಾ ಬೀಗವಿರುವ ಪೆಟ್ಟಿಗೆಯಲ್ಲಿಡಬೇಕು. ಹಾಗಿಡದೆ ಮಗುವಿನ ಕೈಗೆ ಸಿಕ್ಕು ಯಾರಾದರೂ ಸತ್ತರೆ 15 ವರ್ಷದವರೆಗೂ ಜೈಲು. ಬರೀ ಹೆದರಿಸಲಿಲ್ಲ, 2024 ಮುಗಿಯುವವರೆಗೆ ಇಂಥ ಬೀಗ, ಪೆಟ್ಟಿಗೆಗಳ ಮೇಲಿನ 6% ತೆರಿಗೆಯನ್ನೂ ಬಿಟ್ಟಿದ್ದರು. ಎಷ್ಟೋ ಪೊಲೀಸ್ ಠಾಣೆಗಳಲ್ಲಿ ಬೀಗ ಪುಕ್ಕಟೆ ಕೊಡುತ್ತಾರೆ. ಆದರೆ ಬೀಗ ಹಾಕಿದ್ದಾರಾ ಅಂತ ಮನೆಮನೆಗೆ ಬಂದು ನೋಡುವವರಿಲ್ಲ. ಅಲ್ಲಿ ಅಜ್ಜಿ ಇಲ್ಲ ನೋಡು.

ಅದಕ್ಕೇ ನೀನೇ ಕೇಳು. ಮಗಳಿಗೆ ಕಡಲೆಬೀಜ ಆಗಲ್ಲ ಅನ್ನು, ನಾಯಿ ಇದೆಯಾ ಅನ್ನು, ಅದೇ ಉಸಿರಿನಲ್ಲಿ ಗನ್ ಇದ್ದರೆ ಬೀಗ ಹಾಕಿದೆಯಾ ಅಂತಲೂ ಕೇಳಿಬಿಡು. ಮೊದಲ ಸಲ ನಾಲಿಗೆ ತಡವರಿಸುತ್ತದೆ. ಬೇರೆಯವರ ಮನೆಯ ಕೋವಿ ವಿಚಾರ ಕೇಳಿ ನಮಗೆಲ್ಲಿ ಅಭ್ಯಾಸ? ಬೇಜಾರು ಮಾಡಿಕೊಂಡರೆ ಮಕ್ಕಳನ್ನು ನಿನ್ನ ಮನೆಗೇ ಕರೆ, ಆದರೆ ಕಾರಣ ಹೇಳಿ ಕರೆ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಆ ಗೆಳತಿ ಯಾಕೆ ಬರೋದು ಬಿಟ್ಟಳು ಅಂತ ಹೋದ ವರ್ಷ ಕೇಳಿದಳು. ನೆನಪಿಲ್ಲ ಅಂದುಬಿಟ್ಟೆ.

ಬರುವಾಗ ಒಂದು ಕೆಜಿ ಕಾಫಿಪುಡಿ ತಾ, ಚಿಕೋರಿ ಬೆರೆಸದ್ದು. ನನ್ನ ಪೆಟ್ಟಿಗೆ ಆಗಲೇ ತುಂಬಿದೆ.